ಅರಮನೆ ಚಿತ್ರಗಳಲ್ಲಿ ನಾನು ಮೊದಲು ನೋಡುವುದು ಬಟ್ಟೆ

ಫ್ರಾನ್ಸಿನ ಹದಿನಾಲ್ಕನೇ ಲೂಯಿಯ ಆ ಪ್ರಸಿದ್ಧ ಚಿತ್ರವನ್ನು ನೀವು ಎಲ್ಲೋ ಒಂದು ಕಡೆ ನೋಡೇ ಇರುತ್ತೀರಿ. ಶಾಲೆಯ ಇತಿಹಾಸ ಪುಸ್ತಕದಲ್ಲಾದರೂ ಸರಿ. ದೊಡ್ಡ ಕಪ್ಪು ಗುಂಗುರು ವಿಗ್ಗು, ನೀಲಿ ವೆಲ್ವೆಟ್ಟಿನ ನಿಲುವಂಗಿ, ಅದರ ತುಂಬಾ ಚಿನ್ನದ ಲಿಲ್ಲಿ ಹೂವು, ಒಳಗಡೆ ಬಿಳಿ ಎರ್ಮಿನ್ ತುಪ್ಪಳ, ಬಿಳಿ ರೇಷ್ಮೆ ಕಾಲುಚೀಲ, ಕೆಂಪು ಹಿಮ್ಮಡಿಯ ಬೂಟು. 1701ರಲ್ಲಿ ಇಯಾಸಿಂತ್ ರಿಗೋ ಬರೆದದ್ದು. ಎತ್ತರ 277 ಸೆಂಟಿಮೀಟರ್, ಅಂದರೆ ಒಂಬತ್ತು ಅಡಿ ದಾಟುತ್ತದೆ. ಇಷ್ಟು ದೊಡ್ಡ ಚಿತ್ರದಲ್ಲಿ ರಾಜನ ಮುಖ ಎಷ್ಟು ಜಾಗ ತಗೊಂಡಿದೆ ಅಂತ ಒಮ್ಮೆ ನೋಡಿ. ಉಳಿದದ್ದೆಲ್ಲ ಬಟ್ಟೆ. ರಾಜನ ಬಟ್ಟೆ, ಮೇಲಿನಿಂದ ಇಳಿಬಿದ್ದ ಕೆಂಪು ಪರದೆ, ಪೀಠದ ಮೇಲೆ ಹಾಸಿದ ಬಟ್ಟೆ. ಇದು ರಾಜನ ಚಿತ್ರವೋ ಬಟ್ಟೆಯ ಚಿತ್ರವೋ ಅಂತ ಅನುಮಾನ ಬರಬೇಕು.

ಇನ್ನೂ ಒಂದು ವಿಷಯ ಇದೆ. ಆ ಮುಖವನ್ನು ರಿಗೋ ಬೇರೆ ಚಿಕ್ಕ ಕ್ಯಾನ್ವಾಸಿನ ಮೇಲೆ ರಾಜನನ್ನು ಎದುರಿಗೆ ಕೂರಿಸಿಕೊಂಡು ಬರೆದ. ಆಮೇಲೆ ಆ ತುಂಡನ್ನು ದೊಡ್ಡ ಕ್ಯಾನ್ವಾಸಿಗೆ ಸೇರಿಸಿದ. ದೇಹ, ಬಟ್ಟೆ, ಕಂಬ, ಪರದೆ ಎಲ್ಲ ಸ್ಟುಡಿಯೋದಲ್ಲಿ ಬೆಳೆದದ್ದು. ರಾಜನಿಗೆ ಆಗ ಅರವತ್ತು ದಾಟಿತ್ತು. ಮುಖದಲ್ಲಿ ಆ ವಯಸ್ಸು ಕಾಣುತ್ತದೆ, ಬಾಯಿ ಒಳಕ್ಕೆ ಹೋಗಿದೆ, ಕೆನ್ನೆ ಜೋತಿದೆ. ಕೆಳಗೆ ನೋಡಿದರೆ ಇಪ್ಪತ್ತರ ಹುಡುಗನ ಕಾಲು! ಯೌವನದಲ್ಲಿ ಅವನು ಆಸ್ಥಾನದ ಬ್ಯಾಲೆಗಳಲ್ಲಿ ತಾನೇ ಕುಣಿಯುತ್ತಿದ್ದ. ಆ ಕಾಲುಗಳ ಮೇಲೆ ಅವನಿಗೆ ಅಭಿಮಾನ ಇದ್ದಿರಲೇಬೇಕು. ಮುಖ ಮುದುಕನದ್ದು, ಕಾಲು ಹುಡುಗನದ್ದು, ನಡುವೆ ಮುಚ್ಚಿಹಾಕಲು ಬೇಕಾದಷ್ಟು ವೆಲ್ವೆಟ್.

ನಾನು ಬಟ್ಟೆ ಅಂಗಡಿಯವರ ಮನೆಯಲ್ಲಿ ಬೆಳೆದವಳು. ಚಿತ್ರಕಲೆಯನ್ನು ಕ್ರಮವಾಗಿ ಓದಿದವಳಲ್ಲ. ಹಾಗಾಗಿ ಹದಿನೇಳು, ಹದಿನೆಂಟನೇ ಶತಮಾನದ ಯುರೋಪಿನ ಚಿತ್ರಶೈಲಿಗಳಾದ ಬರೋಕ್, ರೊಕೊಕೊ ಅಂದಾಗ ಕಲಾ ಇತಿಹಾಸದವರು ಹೇಳುವ ಬೆಳಕು ನೆರಳು, ಓರೆ ರೇಖೆ, ಚಲನೆ ಇವೆಲ್ಲ ನನಗೆ ಎರಡನೇ ಸಲಕ್ಕೆ ಕಾಣುವುದು. ಮೊದಲ ಸಲಕ್ಕೆ ಕಾಣುವುದು ಇದು ಸ್ಯಾಟಿನ್ನೋ ಟಾಫೆಟಾವೋ, ನೆರಿಗೆ ಎಲ್ಲಿ ಮುರಿದಿದೆ, ಜರಿ ನಿಜವೋ ಸುಳ್ಳೋ ಅನ್ನುವುದು. ಬಹಳ ದಿನ ಇದೊಂದು ಹಳ್ಳಿಗುಗ್ಗು ನೋಟ ಅಂತ ಸುಮ್ಮನಿದ್ದೆ. ಈಗ ಹಾಗನ್ನಿಸುವುದಿಲ್ಲ. ಆ ಚಿತ್ರಗಳನ್ನು ಬರೆಸಿದವರು, ಬರೆದವರು, ಮೊದಲು ನೋಡಿದವರು, ಎಲ್ಲರೂ ಮೊದಲು ಬಟ್ಟೆಯನ್ನೇ ನೋಡುತ್ತಿದ್ದರು. ಮುಖವನ್ನು ಎಲ್ಲರೂ ಬಲ್ಲರು. ಈ ಮನುಷ್ಯ ಈಗ ಯಾರು, ಯಾವ ಸ್ಥಾನದಲ್ಲಿದ್ದಾನೆ, ಯಾರ ಪರ ಇದ್ದಾನೆ ಅನ್ನುವುದು ಉಡುಪಿನಲ್ಲೇ ಗೊತ್ತಾಗುತ್ತಿತ್ತು.

ರಿಗೋನ ಚಿತ್ರ ಹುಟ್ಟಿದ್ದೇ ಅಂಥ ಒಂದು ಸಂದರ್ಭದಲ್ಲಿ. 1700ರ ನವೆಂಬರಿನಲ್ಲಿ ಸ್ಪೇನಿನ ಸಿಂಹಾಸನ ಲೂಯಿಯ ಮೊಮ್ಮಗನ ಪಾಲಿಗೆ ಬಂತು. ಹುಡುಗ ಐದನೇ ಫಿಲಿಪ್ ಎಂಬ ಹೆಸರಿನಲ್ಲಿ ಸ್ಪೇನಿಗೆ ಹೊರಟ. ಹೊರಡುವ ಮುಂಚೆ ಅಜ್ಜನ ಚಿತ್ರ ಬೇಕೆಂದ. ಅಜ್ಜನೂ ಮೊಮ್ಮಗನ ಚಿತ್ರ ಬರೆಸಿದ. ಎರಡೂ ಕೆಲಸ ರಿಗೋಗೇ ಬಂತು. ಮೊಮ್ಮಗನನ್ನು ರಿಗೋ ಹೇಗೆ ನಿಲ್ಲಿಸಿದ ಗೊತ್ತಾ? ವರ್ಸೇಲ್ಸ್‌ನಲ್ಲಿ ಹುಟ್ಟಿ ಬೆಳೆದ ಹುಡುಗನಿಗೆ ಅಡಿಯಿಂದ ಮುಡಿಯವರೆಗೆ ಸ್ಪೇನಿನ ಕಪ್ಪು ಬಟ್ಟೆ, ಕುತ್ತಿಗೆಗೆ ಸ್ಪೇನಿನ ಗಟ್ಟಿ ಬಿಳಿ ಕಾಲರು. ಈ ಹುಡುಗ ಇನ್ನು ಮೇಲೆ ನಿಮ್ಮವನು ಅಂತ ಸ್ಪೇನಿನವರಿಗೆ ಹೇಳಬೇಕಿತ್ತು. ಅಜ್ಜನ ಚಿತ್ರ ಮಾತ್ರ ಸ್ಪೇನಿಗೆ ಹೋಗಲೇ ಇಲ್ಲ. ನೋಡಿದ ಮೇಲೆ ಲೂಯಿಗೆ ಎಷ್ಟು ಹಿಡಿಸಿತೆಂದರೆ ಮೂಲವನ್ನು ತಾನೇ ಇಟ್ಟುಕೊಂಡ, ಒಂದು ನಕಲು ಮಾಡಲು ಹೇಳಿದ. ಆಮೇಲೆ ಆ ಚಿತ್ರದ ನಕಲುಗಳಿಗೆ ಲೆಕ್ಕವಿಲ್ಲ.

ರಿಗೋ ಅಚ್ಚುಕಟ್ಟಾದ ಮನುಷ್ಯ. ಯಾರ ಚಿತ್ರ ಬರೆದೆ, ಎಷ್ಟು ಹಣ ಬಂತು, ಯಾವ ಸಹಾಯಕನಿಗೆ ಯಾವ ಕೆಲಸಕ್ಕೆ ಎಷ್ಟು ಕೊಟ್ಟೆ ಅಂತ ಲೆಕ್ಕ ಬರೆದಿಟ್ಟ. ಆ ಲೆಕ್ಕದ ಪುಸ್ತಕ ಇವತ್ತಿಗೂ ಉಳಿದಿದೆ. ಅದರಲ್ಲಿ ಉಡುಪು ಬರೆದಿದ್ದಕ್ಕೆ ಇಂಥವನಿಗೆ ಇಷ್ಟು, ಹಿನ್ನೆಲೆಗೆ ಇಂಥವನಿಗೆ ಇಷ್ಟು ಅಂತ ಬರುತ್ತದೆ. ಗಿರಾಕಿಗೂ ದರ ಬೇರೆ ಬೇರೆ. ಹೊಸದಾಗಿ ಕಲ್ಪಿಸಿದ ಉಡುಪು, ಹೊಸ ಭಂಗಿ ಬೇಕಾದರೆ ಜಾಸ್ತಿ ದುಡ್ಡು. ಬೇರೆಯವರ ಚಿತ್ರದಲ್ಲಿ ಆಗಲೇ ಬಂದ ಉಡುಪೇ ಸಾಕು, ಮುಖ ಮಾತ್ರ ನನ್ನದಿರಲಿ ಅಂದರೆ ಕಮ್ಮಿ. ನಮ್ಮ ಕಡೆ ಹಳೆಯ ಫೋಟೋ ಸ್ಟುಡಿಯೋಗಳಲ್ಲಿ ಗೂಟಕ್ಕೆ ಒಂದು ಕೋಟು ನೇತುಹಾಕಿರುತ್ತಿದ್ದರಲ್ಲ, ಬಂದ ಗಂಡಸರೆಲ್ಲ ಅದನ್ನೇ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರು, ಹೆಚ್ಚುಕಡಿಮೆ ಅದೇ ವ್ಯವಹಾರ. ದೊಡ್ಡ ಕಲೆಯ ಬಗ್ಗೆ ಹೀಗೆ ಹೇಳಿದರೆ ಕೆಲವರಿಗೆ ಬೇಜಾರಾಗಬಹುದು. ನನಗಂತೂ ಇದು ತಿಳಿದ ಮೇಲೆ ರಿಗೋನ ಮೇಲೆ ಗೌರವ ಜಾಸ್ತಿಯೇ ಆಯಿತು.

ಇದಕ್ಕಿಂತ ಎಂಬತ್ತು ವರ್ಷ ಹಿಂದಿನ ಸ್ಪೇನಿಗೆ ಬನ್ನಿ. ಅಲ್ಲಿನ ನಾಲ್ಕನೇ ಫಿಲಿಪ್‌ನ ಆಸ್ಥಾನಕ್ಕೆ ಚಿತ್ರಕಾರ ವೆಲಾಸ್ಕೆಸ್ ಸೇರಿದ್ದು 1623ರಲ್ಲಿ. ಅದೇ ವರ್ಷ ಸ್ಪೇನಿನಲ್ಲಿ ದುಂದುವೆಚ್ಚಕ್ಕೆ ಕಡಿವಾಣ ಹಾಕುವ ಕಾನೂನು ಬಂತು. ಕುತ್ತಿಗೆ ಸುತ್ತ ತಟ್ಟೆಯ ಹಾಗೆ ಹರಡುತ್ತಿದ್ದ, ಗಂಜಿ ಹಾಕಿ ಇಸ್ತ್ರಿ ಮಾಡಲು ಆಳುಕಾಳು ಬೇಕಾಗುತ್ತಿದ್ದ ಲೇಸಿನ ಕಾಲರಿಗೆ ನಿಷೇಧ. ಅದರ ಬದಲು ರಟ್ಟಿನ ಮೇಲೆ ಬಟ್ಟೆ ಹೊದಿಸಿದ ಸಾದಾ ಕಾಲರು ಬಂತು. ಅದರ ಹೆಸರು ಗೊಲಿಯಾ. ರಾಜನೇ ಮೊದಲು ಅದನ್ನು ತೊಟ್ಟ. ವೆಲಾಸ್ಕೆಸ್ ಬರೆದ ಆರಂಭದ ಚಿತ್ರಗಳಲ್ಲಿ ರಾಜ ಕಪ್ಪು ಬಟ್ಟೆಯಲ್ಲಿ ನಿಂತಿದ್ದಾನೆ. ಕಿರೀಟವಿಲ್ಲ, ರಾಜದಂಡವಿಲ್ಲ. ಕೈಯಲ್ಲಿ ಒಂದು ಕಾಗದ. ಖಜಾನೆ ಬರಿದಾಗುತ್ತಿದ್ದ ದೇಶದ ರಾಜ ನೋಡಿ, ನಾನೂ ಮಿತವ್ಯಯಿ ಅಂತ ಪ್ರಜೆಗಳಿಗೆ ತೋರಿಸಿಕೊಳ್ಳುವ ರೀತಿ ಇದು.

ಹೆಂಗಸರ ಬಟ್ಟೆಯ ವಿಷಯದಲ್ಲಿ ಕಾನೂನಿನ ಗತಿ ಬೇರೆ. ಸೊಂಟದಿಂದ ಎರಡೂ ಕಡೆಗೆ ಅಗಲಕ್ಕೆ ಚಾಚುವ ಬಳೆ ಕಟ್ಟಿದ ಲಂಗಕ್ಕೆ ಆಗ ಗ್ವಾರ್ದಾಇನ್ಫಾಂತೆ ಎಂದು ಹೆಸರು. ಬಸಿರನ್ನು ಮುಚ್ಚಿಡಲು ಅನುಕೂಲ ಎಂಬ ಚಾಡಿಮಾತು ಅದರ ಮೇಲಿತ್ತು. 1639ರಲ್ಲಿ ಅದನ್ನೂ ನಿಷೇಧಿಸಿದರು. ಪರವಾನಗಿ ಇರುವ ವೇಶ್ಯೆಯರು ಮಾತ್ರ ತೊಡಬಹುದು ಅಂತ ಒಂದು ವಿನಾಯಿತಿ ಬೇರೆ! ಹಾಗೆ ಹೇಳಿದರೆ ಮರ್ಯಾದಸ್ಥ ಹೆಂಗಸರು ಹೆದರಿ ಬಿಟ್ಟಾರು ಎಂಬ ಲೆಕ್ಕ ಇರಬೇಕು. ಯಾರು ಬಿಟ್ಟರು? ಹದಿಮೂರು ವರ್ಷ ಕಳೆಯುವಷ್ಟರಲ್ಲಿ ವೆಲಾಸ್ಕೆಸ್ ರಾಣಿ ಮರಿಯಾನಾಳ ಚಿತ್ರ ಬರೆದ. ಅದೇ ಲಂಗ, ಬಾಗಿಲಲ್ಲಿ ನೇರವಾಗಿ ಹೋಗಲು ಆಗದಷ್ಟು ಅಗಲ. 1656ರ 'ಲಾಸ್ ಮೆನಿನಾಸ್'ನಲ್ಲಿ ಐದು ವರ್ಷದ ರಾಜಕುಮಾರಿ ಮಾರ್ಗರೀತಾಳಿಗೂ ಅದೇ.

ಈ ಮಾರ್ಗರೀತಾಳ ಚಿತ್ರಗಳ ಸಾಲು ನನ್ನನ್ನು ಕಾಡುತ್ತದೆ. ಚಿಕ್ಕಂದಿನಲ್ಲೇ ಆಕೆಯ ಮದುವೆ ಆಸ್ಟ್ರಿಯಾದ ಲಿಯೋಪೋಲ್ಡ್ ಜೊತೆ ಅಂತ ಗೊತ್ತಾಗಿತ್ತು. ಅವನು ಅವಳ ತಾಯಿಯ ತಮ್ಮ, ಸೋದರಮಾವ. ಹುಡುಗಿ ಹೇಗೆ ಬೆಳೆಯುತ್ತಿದ್ದಾಳೆ ಅಂತ ವಿಯೆನ್ನಾದವರಿಗೆ ತೋರಿಸಲು ಆಗಾಗ ಚಿತ್ರ ಬರೆಸಿ ಕಳಿಸುತ್ತಿದ್ದರು. ಒಂದರಲ್ಲಿ ಗುಲಾಬಿ ಲಂಗ, ಒಂದರಲ್ಲಿ ಬಿಳಿ, 1659ರದ್ದರಲ್ಲಿ ನೀಲಿ. ಮೂರೂ ಈಗ ವಿಯೆನ್ನಾದ ಮ್ಯೂಸಿಯಮ್ಮಿನಲ್ಲಿವೆ. ಪ್ರತಿ ಸಲವೂ ಲಂಗ ಹುಡುಗಿಗಿಂತ ಬೇಗ ಬೆಳೆದಿದೆ. ಎಂಟು ವರ್ಷದ ಮಗು ನೀಲಿ ರೇಷ್ಮೆಯ ಆ ಗುಡಾರದ ಮೇಲೆ ಎರಡು ಕೈ ಊರಿಕೊಂಡು ನಿಂತಿದೆ. ಹದಿನೈದಕ್ಕೆ ಮದುವೆ, ಇಪ್ಪತ್ತೊಂದಕ್ಕೆ ಸಾವು. ವೆಲಾಸ್ಕೆಸ್ ಆ ಮದುವೆ ನೋಡಲು ಇರಲಿಲ್ಲ, 1660ರಲ್ಲೇ ತೀರಿಕೊಂಡಿದ್ದ.

ಆದರೆ ಆ ನೀಲಿಯನ್ನು ಬರೆದ ರೀತಿ! ನಮ್ಮಪ್ಪ ಗಿರಾಕಿಗಳಿಗೆ ಹೇಳುತ್ತಿದ್ದರು, ಬಟ್ಟೆಯನ್ನು ಕಣ್ಣಿಂದ ನೋಡಬೇಡಿ ಸ್ವಾಮಿ, ಬೆರಳಿಂದ ನೋಡಿ ಅಂತ. ವೆಲಾಸ್ಕೆಸ್ ಅದನ್ನು ತಲೆಕೆಳಗು ಮಾಡುತ್ತಾನೆ. ಮ್ಯೂಸಿಯಮ್ಮುಗಳ ವೆಬ್‌ಸೈಟಿನಲ್ಲಿ ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿ. ಬಟ್ಟೆ ಅನ್ನುವುದೇ ಇರುವುದಿಲ್ಲ. ಬೂದು, ಬಿಳಿ, ನೀಲಿಯ ಗೀಟುಗಳು, ಅವಸರದಲ್ಲಿ ಕುಂಚ ಒರೆಸಿದ ಹಾಗೆ. ಹಿಂದೆ ಸರಿದರೆ ರೇಷ್ಮೆ ಮಿಂಚುತ್ತದೆ. 1644ರಲ್ಲಿ ಫಿಲಿಪ್ ಕ್ಯಾಟಲೋನಿಯಾದ ಯುದ್ಧಕ್ಕೆ ಹೋದಾಗ ವೆಲಾಸ್ಕೆಸ್ ಜೊತೆಗೆ ಹೋಗಿದ್ದ. ಫ್ರಾಗಾ ಎಂಬ ಊರಿನಲ್ಲಿ ಹಾಳುಬಿದ್ದಂಥ ಒಂದು ಕೋಣೆಯನ್ನು ರಿಪೇರಿ ಮಾಡಿಸಿ, ಬೆಳಕಿಗೆ ಕಿಟಕಿ ತೆಗೆಸಿ, ಮೂರು ಬಾರಿ ರಾಜನನ್ನು ನಿಲ್ಲಿಸಿಕೊಂಡು ಚಿತ್ರ ಮುಗಿಸಿದ. ಕೆಂಪು ಸೈನಿಕ ಉಡುಪಿನ ಮೇಲೆ ಬೆಳ್ಳಿ ಕಸೂತಿ. ಆ ಕಸೂತಿಯಲ್ಲಿ ಒಂದು ಎಳೆಯನ್ನೂ ಅವನು ಎಳೆ ಅಂತ ಬರೆದಿಲ್ಲ. ಬರೀ ಚುಕ್ಕಿ, ಬರೀ ತಟ್ಟು. ಮ್ಯಾಡ್ರಿಡ್‌ಗೆ ಕಳಿಸಿದ ಆ ಚಿತ್ರವನ್ನು ಲೆರಿಡಾ ಗೆದ್ದ ಸಂಭ್ರಮಕ್ಕೆ ಒಂದು ಚರ್ಚಿನಲ್ಲಿ ಚಿನ್ನದ ಕಸೂತಿಯ ಮೇಲ್ಕಟ್ಟಿನ ಕೆಳಗೆ ಇಟ್ಟರು. ರಾಜ ಊರಲ್ಲಿಲ್ಲ, ಅವನ ಅಂಗಿ ಬಂದಿದೆ, ಜನ ಅದಕ್ಕೇ ಕೈಮುಗಿದರು ಅನ್ನಬಹುದು.

ಬರೋಕ್‌ನಿಂದ ರೊಕೊಕೊಗೆ ಬರುವಾಗ ಚಿತ್ರಗಳ ಬಣ್ಣ ತೆಳುವಾಗುತ್ತದೆ, ಕೋಣೆಗಳು ಚಿಕ್ಕದಾಗುತ್ತವೆ. ದೊಡ್ಡ ಕಂಬ, ಗುಡುಗು ಮೋಡ ಹೋಗಿ ಗುಲಾಬಿ ಹೂವು, ರಿಬ್ಬನ್ನು, ನಾಯಿಮರಿ ಬರುತ್ತವೆ. ಇದನ್ನು ನೋಡಿ ಬಹಳ ಜನ ಮೂಗು ಮುರಿಯುತ್ತಾರೆ. ಫ್ರೆಂಚ್ ಚಿತ್ರಕಾರ ಬೂಷೆ 1756ರಲ್ಲಿ ಬರೆದ ಮದಾಮ್ ಪೊಂಪದೂರ್ ಚಿತ್ರ ಈಗ ಮ್ಯೂನಿಕ್‌ನಲ್ಲಿದೆ. ಹಸಿರು ನೀಲಿ ರೇಷ್ಮೆ, ಅದರ ಮೇಲೆ ಗುಲಾಬಿಗಳ ಕಾಡು, ಎದೆಯ ಮೇಲೆ ರಿಬ್ಬನ್ ಗಂಟುಗಳ ಏಣಿ. ಸಿಹಿ ಜಾಸ್ತಿಯಾಯಿತು ಅಂತ ನನಗೂ ಅನ್ನಿಸುತ್ತದೆ. ಆದರೆ ಅವಳ ಕೈಯಲ್ಲಿ ತೆರೆದ ಪುಸ್ತಕ ಇದೆ. ಪಕ್ಕದ ಮೇಜಿನ ಮೇಲೆ ಗರಿ ಲೇಖನಿ, ಅರಗಿನ ಮುದ್ರೆ. ಹಿಂದಿನ ಕನ್ನಡಿಯಲ್ಲಿ ಪುಸ್ತಕದ ಕಪಾಟು. ರಾಜಮನೆತನದ ರಕ್ತವಿಲ್ಲದ, ದುಡ್ಡಿನ ವ್ಯವಹಾರದವರ ಮನೆಯಿಂದ ಬಂದ ಹೆಂಗಸು. ಹದಿನೈದನೇ ಲೂಯಿಯ ಪ್ರೇಯಸಿಯಾಗಿದ್ದವಳು ಆ ವರ್ಷ ರಾಣಿಯ ಸಖಿಯರ ಸಾಲಿಗೆ ಅಧಿಕೃತವಾಗಿ ಸೇರಿದಳು. ಬೂಷೆಯ ಚಿತ್ರ ಆ ಬಡ್ತಿಯ ಪ್ರಕಟಣೆ.

ಇದೇ ಪೊಂಪದೂರ್ ಬಗ್ಗೆ ಬಟ್ಟೆಯ ಇನ್ನೊಂದು ಕಥೆಯೂ ಇದೆ. ಭಾರತದ ಅಚ್ಚಿನ ಹತ್ತಿ ಬಟ್ಟೆ ಫ್ರಾನ್ಸಿನಲ್ಲಿ ಎಷ್ಟು ಜನಪ್ರಿಯ ಆಯಿತೆಂದರೆ ಅಲ್ಲಿನ ರೇಷ್ಮೆ, ಉಣ್ಣೆ ನೇಕಾರರು ಬೊಬ್ಬೆ ಹಾಕಿದರು. 1686ರಲ್ಲಿ ಸರಕಾರ ಅದನ್ನು ತರಿಸುವುದು, ಅಲ್ಲೇ ಅಚ್ಚು ಹಾಕುವುದು ಎರಡನ್ನೂ ನಿಷೇಧಿಸಿತು. ನಿಷೇಧ 1759ರವರೆಗೆ ಉಳಿಯಿತು. ಎಪ್ಪತ್ತಮೂರು ವರ್ಷ! ಅಷ್ಟೂ ವರ್ಷ ಕಳ್ಳಸಾಗಣೆ ನಡೆದೇ ಇತ್ತು. ಪೊಂಪದೂರ್ ತನ್ನ ಬೆಲ್‌ವ್ಯೂ ಬಂಗಲೆಯನ್ನು ಇಂಥ ಕಳ್ಳಮಾಲಿನಿಂದಲೇ ಸಿಂಗರಿಸಿದ್ದಳು. ಕೊರೊಮಂಡಲದ ಕರಾವಳಿಯಲ್ಲಿ ಯಾರೋ ಬಣ್ಣ ಹಾಕಿದ ಬಟ್ಟೆ ರಾಜನ ಪ್ರೇಯಸಿಯ ಮನೆಯಲ್ಲಿ ಕಾನೂನು ಮುರಿದು ನೇತಾಡುತ್ತಿತ್ತು. ಕಾನೂನು ಬಡವರಿಗೆ ಅನ್ನುವುದು ಎಲ್ಲ ದೇಶದಲ್ಲೂ ಒಂದೇ, ಅಲ್ವಾ?

ನನಗೆ ಹೇಳಬೇಕಾದದ್ದು ಮುಖ್ಯವಾಗಿ ಮುಂದಿನದ್ದು. ಅದರ ನಡುವೆ ಇರುವವಳು ಎಲಿಸಬೆತ್ ವಿಜೇ ಲೆಬ್ರನ್. 1755ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದವಳು. ಅಪ್ಪ ಪೇಸ್ಟಲ್ ಬಣ್ಣದಲ್ಲಿ ಚಿತ್ರ ಬರೆಯುತ್ತಿದ್ದವನು, ಅವಳಿಗೆ ಹನ್ನೆರಡು ವರ್ಷವಾದಾಗ ತೀರಿಕೊಂಡ. ಹದಿವಯಸ್ಸಿನಲ್ಲೇ ಚಿತ್ರ ಬರೆದು ಮನೆ ನಡೆಸಿದಳು. ಹತ್ತೊಂಬತ್ತರಲ್ಲಿ, ಪರವಾನಗಿ ಇಲ್ಲದೆ ಕೆಲಸ ಮಾಡುತ್ತಿದ್ದಾಳೆ ಅಂತ ಅಧಿಕಾರಿಗಳು ಅವಳ ಸ್ಟುಡಿಯೋಗೆ ಬೀಗ ಹಾಕಿದರು. 1778ರಲ್ಲಿ ಮೊದಲ ಬಾರಿ ರಾಣಿ ಮೇರಿ ಆಂಟೊನೆಟ್‌ಳ ಚಿತ್ರ ಬರೆಯುವ ಅವಕಾಶ ಸಿಕ್ಕಿತು. ಇಬ್ಬರೂ ಒಂದೇ ವರ್ಷ ಹುಟ್ಟಿದವರು. ಮುಂದೆ ಹತ್ತು ವರ್ಷ ರಾಣಿಯ ಕಷ್ಟಸುಖ ಇವಳ ಕುಂಚದ ಮೂಲಕವೇ ಜನರಿಗೆ ಕಂಡಿತು ಅನ್ನಬಹುದು. ಆ ಹತ್ತು ವರ್ಷದ ಕಥೆಯನ್ನು ನಾಲ್ಕು ಉಡುಪುಗಳಲ್ಲಿ ಹೇಳಿ ಮುಗಿಸಬಹುದು.

ಮೊದಲನೆಯದು ಬಿಳಿ ಸ್ಯಾಟಿನ್. ವಿಯೆನ್ನಾದಲ್ಲಿದ್ದ ತಾಯಿ, ಸಾಮ್ರಾಜ್ಞಿ ಮರಿಯಾ ತೆರೇಸಾ, ಮಗಳ ಒಂದು ಒಳ್ಳೆಯ ಚಿತ್ರ ಕಳಿಸಿ ಅಂತ ವರ್ಷಗಟ್ಟಲೆ ಕೇಳುತ್ತಿದ್ದಳು. ಬಂದ ಯಾವುದೂ ಹಿಡಿಸಿರಲಿಲ್ಲ. 1778ರ ಚಿತ್ರ ಅದಕ್ಕಾಗಿ. ಅಗಲದ ಬಳೆಲಂಗ, ತಲೆಯ ಮೇಲೆ ಗರಿಗಳು, ಹಿಂದೆ ಕಂಬ, ಎಲ್ಲ ಹಳೆಯ ಬರೋಕ್ ಕ್ರಮದಲ್ಲೇ. ತಾಯಿಗೆ ಮಗಳಿಗಿಂತ ರಾಣಿ ಕಾಣಬೇಕಿತ್ತು.

ಎರಡನೆಯದು ರಗಳೆಯ ಮಸ್ಲಿನ್. ವಿಜೇ ಲೆಬ್ರನ್‌ಗೆ ಬಿಗಿ ಉಡುಪು, ಕೂದಲಿಗೆ ಹಚ್ಚುವ ಪೌಡರು ಎರಡೂ ಆಗುತ್ತಿರಲಿಲ್ಲ. ತನ್ನೆದುರು ಕೂತವರಿಗೆ ತಾನೇ ಶಾಲು ಹೊದಿಸಿ, ಸಡಿಲ ನೆರಿಗೆ ಮಾಡಿ ಬರೆಯುತ್ತಿದ್ದಳು. ರಾಣಿಗೂ ಖಾಸಗಿಯಾಗಿ ತೆಳು ಬಿಳಿ ಮಸ್ಲಿನ್ನಿನ ಸಡಿಲ ಅಂಗಿಯೇ ಇಷ್ಟ. ನಡುವಿಗೆ ಒಂದು ಪಟ್ಟಿ, ತಲೆಗೆ ಹುಲ್ಲಿನ ಟೋಪಿ, ಅಷ್ಟೇ. ಹಾಗೇ ಬರೆದು 1783ರ ಸಲೋನ್ ಪ್ರದರ್ಶನದಲ್ಲಿ ಇಟ್ಟಳು. ಗಲಾಟೆ ಎದ್ದಿತು. ರಾಣಿಯನ್ನು ಒಳ ಉಡುಪಿನಲ್ಲಿ ಬರೆದಿದ್ದಾಳೆ ಎಂದರು. ಅದಕ್ಕಿಂತ ದೊಡ್ಡ ದೂರು, ಫ್ರಾನ್ಸಿನ ರಾಣಿ ಲಿಯಾನ್‌ನ ರೇಷ್ಮೆ ಬಿಟ್ಟು ಹೊರದೇಶದ ಹತ್ತಿ ಉಟ್ಟರೆ ನಮ್ಮ ನೇಕಾರರ ಹೊಟ್ಟೆಪಾಡೇನು ಅನ್ನುವುದು. ಮಸ್ಲಿನ್ ಎಂದರೆ ಆಗ ಭಾರತದ್ದೇ ಹೆಸರುವಾಸಿ, ಅದರಲ್ಲೂ ಬಂಗಾಳದ್ದು. ಚಿತ್ರವನ್ನು ಗೋಡೆಯಿಂದ ಇಳಿಸಿದರು.

ಅದರ ಜಾಗಕ್ಕೆ ಅವಸರದಲ್ಲಿ ಬಂದದ್ದು ಮೂರನೆಯದು. ಅದೇ ಮುಖ, ಅದೇ ತಿರುವು, ಕೈಯಲ್ಲಿ ಗುಲಾಬಿ. ಮೈಮೇಲೆ ಮಾತ್ರ ಬೂದು ನೀಲಿ ರೇಷ್ಮೆ, ಲೇಸು, ಮುತ್ತು. ಎರಡೂ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನಗು ಬರುತ್ತದೆ. ಬದಲಾದದ್ದು ಬಟ್ಟೆ ಒಂದೇ, ಅಷ್ಟಕ್ಕೇ ರಾಣಿಯ ಮಾನ ಉಳಿಯಿತು.

ನಾಲ್ಕನೆಯದು ಕೆಂಪು ವೆಲ್ವೆಟ್, 1787ರದ್ದು. ಅಷ್ಟು ಹೊತ್ತಿಗೆ ವಜ್ರದ ಹಾರದ ಹಗರಣ ನಡೆದುಹೋಗಿತ್ತು. ಆ ಹಾರ ರಾಣಿಯದ್ದಲ್ಲ, ಅವಳ ಹೆಸರಿನಲ್ಲಿ ಬೇರೆಯವರು ಮಾಡಿದ ಮೋಸ. ಆದರೂ ಜನ ನಂಬಿದ್ದು ಅವಳ ತಪ್ಪನ್ನೇ. ಈಗ ರಾಣಿಯನ್ನು ತಾಯಿಯಾಗಿ ತೋರಿಸಬೇಕಿತ್ತು. ಮೂವರು ಮಕ್ಕಳ ನಡುವೆ ಕೂರಿಸಿ, ಕತ್ತಿನಲ್ಲಿ ಹಾರವಿಲ್ಲದೆ ಬರೆದರು. ಆಭರಣದ ದೊಡ್ಡ ಬೀರು ಹಿಂದೆ ಕತ್ತಲಲ್ಲಿದೆ. ನನ್ನ ಆಭರಣ ನನ್ನ ಮಕ್ಕಳೇ ಅನ್ನುವ ಹಳೇ ರೋಮನ್ ತಾಯಿಯ ಮಾತು ನೋಡುವವರಿಗೆ ನೆನಪಾಗಲಿ ಅಂತ. ಹಿರಿಯ ಮಗ ಖಾಲಿ ತೊಟ್ಟಿಲನ್ನು ತೋರಿಸುತ್ತಿದ್ದಾನೆ. ಆ ವರ್ಷದ ಜೂನ್‌ನಲ್ಲಿ ಹಸುಗೂಸು ಸೋಫಿ ತೀರಿಕೊಂಡಿತ್ತು. ಇಷ್ಟೆಲ್ಲ ಮಾಡಿದರೂ ಪ್ರಯೋಜನ ಆಗಲಿಲ್ಲ. ಪ್ರದರ್ಶನ ಶುರುವಾದಾಗ ಚಿತ್ರ ಇನ್ನೂ ಬಂದಿರಲಿಲ್ಲ, ಬರೀ ಚೌಕಟ್ಟು ನೇತಾಡುತ್ತಿತ್ತು. ನೋಡಿ, ಖಜಾನೆಯ ಖೋತಾ ಇದೇ ಅಂತ ಯಾರೋ ಅಂದರಂತೆ.

ನಾಲ್ಕು ಉಡುಪು ತೊಡಿಸಿದವಳಿಗೂ ರಾಣಿಗೂ ನಡುವೆ ಒಂದು ಸಲಿಗೆ ಇತ್ತು. ಇಬ್ಬರೂ ಸೇರಿ ಹಾಡುತ್ತಿದ್ದರು. ಒಮ್ಮೆ ಬಸುರಿ ವಿಜೇ ಲೆಬ್ರನ್ ಬಣ್ಣದ ಪೆಟ್ಟಿಗೆ ಬೀಳಿಸಿಕೊಂಡಾಗ, ನೀನು ಬಗ್ಗಬೇಡ ಅಂತ ರಾಣಿಯೇ ಬಗ್ಗಿ ಕುಂಚಗಳನ್ನು ಆರಿಸಿಕೊಟ್ಟಳಂತೆ. ಇದನ್ನು ಬರೆದವಳು ಚಿತ್ರಕಾರ್ತಿಯೇ, ಮುದಿವಯಸ್ಸಿನ ನೆನಪುಗಳಲ್ಲಿ, ಆ ರಾಣಿ ಗಿಲೊಟಿನ್‌ಗೆ ತಲೆಕೊಟ್ಟು ಎಷ್ಟೋ ದಶಕಗಳ ಮೇಲೆ. ಹಾಗಾಗಿ ಸ್ವಲ್ಪ ಸಕ್ಕರೆ ಸೇರಿರಬಹುದು.

ಈಗ ಶ್ರೀರಂಗಪಟ್ಟಣದವರ ಪ್ರವೇಶ. 1788ರ ಜೂನ್‌ನಲ್ಲಿ ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳು ತೂಲೋನ್ ಬಂದರಿನಲ್ಲಿ ಇಳಿದರು. ಮಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮಹಮ್ಮದ್ ಉಸ್ಮಾನ್ ಖಾನ್. ಇಂಗ್ಲಿಷರ ವಿರುದ್ಧ ಫ್ರೆಂಚರ ಸೇನೆಯ ಸಹಾಯ ಬೇಕಿತ್ತು. ಜೊತೆಗೆ ಪಿಂಗಾಣಿ ಮಾಡುವವರು, ಗಾಜು ಮಾಡುವವರು, ಗಡಿಯಾರ ಮಾಡುವವರೂ ಬೇಕಿತ್ತು. ಆಗಸ್ಟ್ 10ರಂದು ವರ್ಸೇಲ್ಸ್‌ನಲ್ಲಿ ಹದಿನಾರನೇ ಲೂಯಿ ಅವರನ್ನು ಭಾರಿ ಅದ್ದೂರಿಯಿಂದ ಬರಮಾಡಿಕೊಂಡ. ಒಂದೇ ವಾರದಲ್ಲಿ, ಆಗಸ್ಟ್ 16ಕ್ಕೆ, ಫ್ರಾನ್ಸಿನ ಖಜಾನೆ ಹಣ ಪಾವತಿ ನಿಲ್ಲಿಸಿತು. ಸೇನೆ ಕಳಿಸುವ ಮಾತೆಲ್ಲಿ ಬಂತು. ಸಿಕ್ಕಿದ್ದು ಸೆವ್ರ್ ಪಿಂಗಾಣಿಯ ಉಡುಗೊರೆ, ಕೆಲವು ಕುಶಲಕರ್ಮಿಗಳು, ಬೇಕಾದಷ್ಟು ಒಳ್ಳೆಯ ಮಾತು.

ಪ್ಯಾರಿಸ್ ಮಾತ್ರ ಇವರ ಹಿಂದೆ ಹುಚ್ಚೆದ್ದು ಓಡಾಡಿತು. ವಿಜೇ ಲೆಬ್ರನ್ ಇವರನ್ನು ಒಪೆರಾದಲ್ಲಿ ನೋಡಿದಳು. ಬರೆಯಲೇಬೇಕು ಅನ್ನಿಸಿತು. ರಾಜನೇ ಕೇಳಿಕೊಂಡರೆ ಮಾತ್ರ ಅಂತ ರಾಯಭಾರಿಗಳ ಉತ್ತರ. ರಾಜನಿಂದ ಹೇಳಿಸಿದಳು. ಬಣ್ಣ, ಕ್ಯಾನ್ವಾಸು ಹೊತ್ತುಕೊಂಡು ಅವರು ಇಳಿದಿದ್ದ ಮನೆಗೇ ಹೋದಳು. ಒಳಗೆ ಕಾಲಿಟ್ಟ ತಕ್ಷಣ ಅವಳ ಕೈಮೇಲೆ ಪನ್ನೀರು ಚಿಮುಕಿಸಿದರಂತೆ.

ದರ್ವೇಶ್ ಖಾನ್ ನಿಂತ, ಕೈ ಕತ್ತಿಯ ಮೇಲೆ. ಚಿತ್ರ ಏಳು ಅಡಿಗೂ ಎತ್ತರ. ಹಿಂದೆ ಅರಮನೆಯ ಕಂಬವಿಲ್ಲ, ಕೆಂಪು ಪರದೆಯಿಲ್ಲ, ಬರೀ ಆಕಾಶ. ಮೈಮೇಲೆ ಚಿನ್ನದ ಹೂಗಳಿರುವ ಬಿಳಿ ಮಸ್ಲಿನ್ನಿನ ಜಾಮಾ, ನಡುವಿಗೆ ಬಣ್ಣದ ಪಟ್ಟಿ. ಆ ಉಡುಪನ್ನು ಅವಳೇ ತನ್ನ ನೆನಪುಗಳಲ್ಲಿ ವರ್ಣಿಸಿದ್ದಾಳೆ. ಐದು ವರ್ಷದ ಹಿಂದೆ ರಾಣಿಯ ಮೈಮೇಲೆ ಇದೇ ಜಾತಿಯ ಬಟ್ಟೆ ಬರೆದು ಛೀಮಾರಿ ಹಾಕಿಸಿಕೊಂಡವಳು ಅವಳೇ. ಈಗ ಅದನ್ನು ಮನಸ್ಸಿಗೆ ಬಂದಷ್ಟು ಬರೆಯಬಹುದು, ಯಾರೂ ಕೇಳುವವರಿಲ್ಲ. ಈ ಬಟ್ಟೆ ಇದನ್ನು ಉಡುವವರ ಮೈಮೇಲೇ ಇತ್ತು, ಲಿಯಾನ್‌ನ ನೇಕಾರರು ದೂರುವ ಹಾಗಿರಲಿಲ್ಲ. ಅವಳು ಬೇಕೆಂದೇ ಹೀಗೆ ಮಾಡಿದಳು ಅಂತ ನಾನು ಹೇಳುತ್ತಿಲ್ಲ. ಆದರೆ ಆ ಬಿಳಿಯನ್ನು ಬರೆದಿರುವ ಖುಷಿ ನೋಡಿದರೆ ಹಳೆಯ ಬಾಕಿ ತೀರಿಸಿಕೊಂಡಿದ್ದಾಳೆ ಅನ್ನಿಸುತ್ತದೆ.

ಅವಳ ನೆನಪುಗಳಲ್ಲಿ ಬರುವ ಒಂದು ಸಣ್ಣ ಮಾತು ನನಗೆ ಎಲ್ಲಕ್ಕಿಂತ ಇಷ್ಟ. ಬಟ್ಟೆ, ಕೈ, ಎಲ್ಲವನ್ನೂ ಅವನನ್ನೇ ನೋಡಿ ಬರೆದೆ, ಅಷ್ಟು ಒಪ್ಪಿಕೊಂಡು ನಿಂತ ಅನ್ನುತ್ತಾಳೆ. ಲೂಯಿಯಂಥವರು ಮುಖಕ್ಕಷ್ಟೇ ಕೂರುತ್ತಿದ್ದರು. ಬಟ್ಟೆಯನ್ನು ಮರದ ಗೊಂಬೆಗೆ ತೊಡಿಸಿ ಸಹಾಯಕರು ಬರೆಯುತ್ತಿದ್ದರು. ರಾಜರಿಗೆ ಅಷ್ಟು ಪುರುಸೊತ್ತು ಎಲ್ಲಿ? ಆದರೆ ಮೈಸೂರಿನಿಂದ ಬಂದ ಈ ಮನುಷ್ಯ ತನ್ನ ಜಾಮಾದ ನೆರಿಗೆ ಮುಗಿಯುವವರೆಗೂ ನಿಂತ. ಅದಕ್ಕೇ ಆ ಬಟ್ಟೆಯ ಒಳಗೆ ಒಂದು ಮೈ ಇದೆ. ರಿಗೋನ ವೆಲ್ವೆಟ್ಟಿನ ಒಳಗೆ ಅದನ್ನು ನೀವು ಎಷ್ಟು ಹುಡುಕಿದರೂ ಸಿಗುವುದಿಲ್ಲ. ಚಿತ್ರವೆಂದರೆ ಏನು, ಅದು ಯಾಕೆ ಬೇಕು ಅನ್ನುವುದು ದರ್ವೇಶ್ ಖಾನ್‌ಗೆ ತಿಳಿಯದ್ದಲ್ಲ. 1784ರಲ್ಲಿ ಶ್ರೀರಂಗಪಟ್ಟಣದಲ್ಲಿ ಕಟ್ಟಿಸಿದ ದರಿಯಾ ದೌಲತ್‌ನ ಗೋಡೆಯ ತುಂಬಾ ಪೊಳ್ಳಿಲೂರು ಯುದ್ಧದ ಚಿತ್ರ ಇದೆ. 1780ರಲ್ಲಿ ಸೋತ ಇಂಗ್ಲಿಷರ ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿ ಮುದುಡಿ ಕೂತಿದ್ದಾನೆ. ಅರಮನೆ ಚಿತ್ರಗಳು ಮಾಡುವ ಕೆಲಸವನ್ನು ಅವನ ದೊರೆಯ ಮನೆಯ ಗೋಡೆಯೂ ಮಾಡುತ್ತಿತ್ತು.

ಇನ್ನೊಂದು ಹೋಲಿಕೆ ಮನಸ್ಸಿಗೆ ಬರುತ್ತದೆ. ಜರ್ಮನಿಯ ವೂರ್ಟ್ಸ್‌ಬುರ್ಗ್ ಅರಮನೆಯ ಮೆಟ್ಟಿಲ ಮೇಲಿನ ಚಾವಣಿಯಲ್ಲಿ ತಿಯೆಪೊಲೊ 1753ರಲ್ಲಿ ನಾಲ್ಕು ಖಂಡಗಳನ್ನು ಬರೆದು ಮುಗಿಸಿದ. ಅದ್ಭುತವಾದ ಕೆಲಸ. ಅಲ್ಲಿ ಏಷ್ಯಾ ಎಂದರೆ ಆನೆಯ ಮೇಲೆ ಕೂತ ಒಬ್ಬ ಹೆಂಗಸು. ವೆನಿಸಿನ ತಿಯೆಪೊಲೊ ಏಷ್ಯಾದಲ್ಲಿ ಕಾಲಿಟ್ಟವನಲ್ಲ, ಕಲ್ಪನೆಯಲ್ಲಿ ಬರೆದ. ಮೂವತ್ತೈದು ವರ್ಷದ ಮೇಲೆ ವಿಜೇ ಲೆಬ್ರನ್ ಮುಂದೆ ಏಷ್ಯಾದಿಂದಲೇ ಬಂದ ಒಬ್ಬ ನಿಜವಾದ ಮನುಷ್ಯ ನಿಂತಿದ್ದ. ಅವಳ ಕಣ್ಣಲ್ಲೂ ಅವನು ಒಂದು ವಿಚಿತ್ರವೇ. ನೆಲದ ಮೇಲೆ ಕೂರಿಸಿ ಕೈಯಲ್ಲಿ ಬಡಿಸಿದ ಊಟದ ಬಗ್ಗೆ ಅವಳು ಬರೆದಿರುವ ಧಾಟಿಯಲ್ಲಿ ಅದು ಗೊತ್ತಾಗುತ್ತದೆ. ಆದರೆ ಕುಂಚ ಹಿಡಿದಾಗ ಅವಳು ಆ ಧಾಟಿ ಮರೆತಿದ್ದಾಳೆ.

ಚಿತ್ರ ಒಣಗಲಿ ಅಂತ ಅಲ್ಲೇ ಬಿಟ್ಟುಬಂದಳು. ಆಮೇಲೆ ತರಿಸಲು ಹೋದರೆ ದರ್ವೇಶ್ ಖಾನ್ ಕೊಡಲಿಲ್ಲ. ಹಾಸಿಗೆಯ ಹಿಂದೆ ಬಚ್ಚಿಟ್ಟಿದ್ದ. ಇದಕ್ಕೆ ಇನ್ನೂ ಒಂದು ಆತ್ಮ ಬೇಕು ಅಂದನಂತೆ. ಕೊನೆಗೆ ಅವನ ಆಳನ್ನೇ ಒಲಿಸಿಕೊಂಡು ಅವಳು ಚಿತ್ರ ಹೊರಗೆ ಸಾಗಿಸಿದಳು. ಗೊತ್ತಾದಾಗ ಅವನು ಆ ಆಳನ್ನು ಕೊಲ್ಲಲು ಹೊರಟ. ಪ್ಯಾರಿಸ್ಸಿನಲ್ಲಿ ಆಳುಗಳನ್ನು ಕೊಲ್ಲುವ ಪದ್ಧತಿ ಇಲ್ಲ ಅಂತ ದುಭಾಷಿ ತಿಳಿ ಹೇಳಲು ಹೆಣಗಬೇಕಾಯಿತಂತೆ. ಚಿತ್ರ ಕೇಳಿದ್ದು ರಾಜ ಅಂತ ಹೇಳಿ ಹೇಗೋ ಸಮಾಧಾನ ಮಾಡಿದರು. ಈ ಕಥೆಯನ್ನು ಹೇಳುವವಳೂ ಅವಳೇ, ನಗಿಸಲು ಹೇಳುತ್ತಾಳೆ. ಓದುವ ನನಗೆ ಬೇರೆ ಪ್ರಶ್ನೆ. ಅವನ ಮೈ, ಅವನ ಬಟ್ಟೆ, ಅವನು ನಿಂತ ಹೊತ್ತು. ಚಿತ್ರ ಯಾರದ್ದು? ಅವಳು ದುಡ್ಡು ಕೊಟ್ಟಿರಲಿಲ್ಲ, ಅವನು ಬರೆಸಿರಲಿಲ್ಲ. ಇಟ್ಟುಕೊಳ್ಳಬೇಕು ಅನ್ನಿಸಿದ್ದರಲ್ಲಿ ಆಶ್ಚರ್ಯವೇನಿದೆ? ಹದಿನಾಲ್ಕನೇ ಲೂಯಿ ಮಾಡಿದ್ದೂ ಅದನ್ನೇ.

1789ರ ಸಲೋನ್‌ನಲ್ಲಿ ದರ್ವೇಶ್ ಖಾನ್ ಗೋಡೆಯ ಮೇಲೆ ನಿಂತಿದ್ದಾಗ ಹೊರಗೆ ಕ್ರಾಂತಿ ಶುರುವಾಗಿತ್ತು. ಅಕ್ಟೋಬರ್ ಆರಂಭದಲ್ಲಿ ಜನ ವರ್ಸೇಲ್ಸ್‌ಗೆ ನುಗ್ಗಿ ರಾಜ ರಾಣಿಯರನ್ನು ಪ್ಯಾರಿಸ್ಸಿಗೆ ಎಳೆತಂದ ಹೊತ್ತಿನಲ್ಲೇ ವಿಜೇ ಲೆಬ್ರನ್ ಕೂಲಿ ಹೆಂಗಸಿನ ಬಟ್ಟೆ ತೊಟ್ಟು, ಒಂಬತ್ತು ವರ್ಷದ ಮಗಳ ಜೊತೆ ಸಾಮಾನ್ಯ ಗಾಡಿಯಲ್ಲಿ ಊರು ಬಿಟ್ಟಳು. ಲಿಯಾನ್ ದಾಟಿ ಇಟಲಿ, ಮುಂದೆ ವಿಯೆನ್ನಾ, ಸೇಂಟ್ ಪೀಟರ್ಸ್‌ಬರ್ಗ್. ಹೋದಲ್ಲೆಲ್ಲ ರಾಜಮನೆತನಗಳು ಅವಳಿಗೆ ಕೆಲಸ ಕೊಟ್ಟವು. ಫ್ರಾನ್ಸಿಗೆ ಮರಳಿದ್ದು 1802ರಲ್ಲಿ. ದರ್ವೇಶ್ ಖಾನ್ ಚಿತ್ರ 2019ರ ಜನವರಿಯಲ್ಲಿ ನ್ಯೂಯಾರ್ಕಿನ ಸದಬಿಸ್ ಹರಾಜಿನಲ್ಲಿ ಸುಮಾರು 72 ಲಕ್ಷ ಡಾಲರಿಗೆ ಮಾರಾಟವಾಯಿತು. ಹಳೆಯ ಕಾಲದ ಮಹಿಳಾ ಕಲಾವಿದರ ಯಾವ ಚಿತ್ರಕ್ಕೂ ಹರಾಜಿನಲ್ಲಿ ಅಲ್ಲಿಯವರೆಗೆ ಅಷ್ಟು ಬೆಲೆ ಬಂದಿರಲಿಲ್ಲ.

ಮರಳಿ ಬಂದ ಮೇಲೆ ಅವಳಿಗೆ ನೆಪೋಲಿಯನ್‌ನ ತಂಗಿ ಕ್ಯಾರೊಲಿನ್ ಮ್ಯುರಾಳ ಚಿತ್ರ ಬರೆಯುವ ಕೆಲಸ ಬಂತು. ಆ ಚಿತ್ರ 1807ರದ್ದು, ಈಗ ವರ್ಸೇಲ್ಸ್‌ನಲ್ಲಿದೆ. ಹೊಸ ರಾಜಮನೆತನ, ಹೊಸ ಶ್ರೀಮಂತಿಕೆ. ಈಕೆ ಹೇಳಿದ ಹೊತ್ತಿಗೆ ಬರುತ್ತಿರಲಿಲ್ಲ. ಬಂದಾಗ ಹಿಂದಿನ ಸಲದ ಫ್ಯಾಷನ್ ಹೋಗಿ ಹೊಸದು ಬಂದಿರುತ್ತಿತ್ತು. ಬರೆದ ಉಡುಪನ್ನು ಕೆರೆದು ತೆಗೆದು ಮತ್ತೆ ಬರೆಯಬೇಕು, ತಲೆಗೂದಲ ಅಲಂಕಾರವನ್ನೂ ಅಷ್ಟೇ. ಒಂದು ದಿನ ವಿಜೇ ಲೆಬ್ರನ್‌ಗೆ ತಡೆಯಲಾಗಲಿಲ್ಲ. ಅಲ್ಲಿದ್ದ ಒಬ್ಬ ಅಧಿಕಾರಿಗೆ, ಆಕೆಗೆ ಕೇಳುವ ಹಾಗೆಯೇ ಹೇಳಿದಳು: ನಾನು ನಿಜವಾದ ರಾಜಕುಮಾರಿಯರನ್ನೂ ಬರೆದಿದ್ದೇನೆ, ಅವರು ಯಾರೂ ನನ್ನನ್ನು ಹೀಗೆ ಗೋಳಾಡಿಸಲಿಲ್ಲ, ಕಾಯಿಸಲೂ ಇಲ್ಲ.